ಮೂರು ಸಲ ಪೌರತ್ವ ಪಡೆದ ಭಗತ್ ಸಿಂಗ್ ಥಿಂಡ್

ನಮ್ಮ ಬಡಾವಣೆಯ ಉದ್ಯಾನದಲ್ಲಿ, ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಪ್ರತಿ ಸಂಜೆ ಒಂದು ಸಣ್ಣ ಸಭೆ ಸೇರುತ್ತದೆ. ಸದಸ್ಯರೆಲ್ಲ ಅರವತ್ತೈದು ದಾಟಿದವರು. ಹಿಂದೆ ಅಲ್ಲಿ ಮಂಡಿನೋವು, ಕಾವೇರಿ ನೀರು, ಬ್ಯಾಂಕ್ ಠೇವಣಿಯ ಬಡ್ಡಿ ಇವುಗಳ ಚರ್ಚೆ ನಡೆಯುತ್ತಿತ್ತು. ಈಚಿನ ವರ್ಷಗಳಲ್ಲಿ ಆ ಪಟ್ಟಿಗೆ ಗ್ರೀನ್ ಕಾರ್ಡ್ ಸೇರಿಕೊಂಡಿದೆ. ಮಗನೋ ಮಗಳೋ ಅಮೆರಿಕದ ಪೌರತ್ವ ಪಡೆದ ಮೇಲೆ ತಂದೆ ತಾಯಿಗೂ ಅಲ್ಲಿನ ಖಾಯಂ ವಾಸ್ತವ್ಯದ ಹಕ್ಕನ್ನು ಕೊಡಿಸಿರುತ್ತಾರೆ. ಹಕ್ಕೇನೋ ಕೈಗೆ ಬಂತು. ಅದನ್ನು ಉಳಿಸಿಕೊಳ್ಳುವುದು ಹೇಗೆಂಬುದು ಈಗಿನ ಚಿಂತೆ. ಪತ್ರಿಕೆಗಳಿಗೆ ಬರೆಯುವವನೆಂಬ ಒಂದೇ ಕಾರಣಕ್ಕೆ ನನಗೆ ಇದೆಲ್ಲ ತಿಳಿದಿರುತ್ತದೆಂದು ಅವರು ನಂಬಿದ್ದಾರೆ. ಆ ನಂಬಿಕೆಯನ್ನು ಕೆಡಿಸಬಾರದೆಂದು ನಾನೂ ಅಷ್ಟಿಷ್ಟು ಓದಿಕೊಂಡಿದ್ದೇನೆ.

ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಆರು ತಿಂಗಳಿಗಿಂತ ಹೆಚ್ಚು ಕಾಲ ಬೆಂಗಳೂರಿನಲ್ಲಿ ಉಳಿದರೆ ಕಾರ್ಡು ಹೋಗುತ್ತದೆಯೇ? ಆರು ತಿಂಗಳೊಳಗೆ ಹಿಂತಿರುಗಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅದನ್ನು ಮೀರಿದರೆ ವಿಮಾನ ನಿಲ್ದಾಣದಲ್ಲಿ ವಿಚಾರಣೆಯಾಗಬಹುದು. ಒಂದು ವರ್ಷವೇ ಮೀರಿದರೆ ಬರಿಯ ಕಾರ್ಡು ತೋರಿಸಿ ಒಳಹೋಗಲಾಗದು. ಹಾಗೆ ದೀರ್ಘಕಾಲ ಹೊರಗಿರಬೇಕಾದವರು ಅಮೆರಿಕದಲ್ಲಿರುವಾಗಲೇ ಅರ್ಜಿ ಹಾಕಿ ಮರುಪ್ರವೇಶದ ಪರವಾನಗಿ ಪಡೆಯಬೇಕು. ಅದರ ಅವಧಿ ಗರಿಷ್ಠ ಎರಡು ವರ್ಷ. ದಿನದ ಎಣಿಕೆಯೊಂದೇ ಸಾಲದು ಎಂಬುದನ್ನು ಮಾತ್ರ ನಮ್ಮ ಹಿರಿಯರು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ಹೋಗಿ ಹದಿನೈದು ದಿನ ಮುಖ ತೋರಿಸಿ ಬರುವವರ ನಿಜವಾದ ಮನೆ ಯಾವ ದೇಶದಲ್ಲಿದೆ ಎಂದು ಅಧಿಕಾರಿ ಕೇಳಬಹುದು. ತೆರಿಗೆಯ ಲೆಕ್ಕ, ವಿಳಾಸ, ಬ್ಯಾಂಕ್ ಖಾತೆ ನೋಡಬಹುದು. ಕಾರ್ಡಿನ ಮೇಲಿರುವ ಹತ್ತು ವರ್ಷದ ಅವಧಿ ತೀರಿದರೆ ನವೀಕರಿಸಿಕೊಳ್ಳಬೇಕು, ಆದರೆ ವಾಸ್ತವ್ಯದ ಹಕ್ಕು ಅಷ್ಟರಿಂದಲೇ ರದ್ದಾಗುವುದಿಲ್ಲ. ಪೌರತ್ವ ಬೇಕೆಂದರೆ ಐದು ವರ್ಷ ಖಾಯಂ ವಾಸಿಯಾಗಿರಬೇಕು, ಅದರಲ್ಲಿ ಕನಿಷ್ಠ 30 ತಿಂಗಳು ಆ ನೆಲದ ಮೇಲೆಯೇ ಕಳೆದಿರಬೇಕು. ಪೌರರನ್ನು ಮದುವೆಯಾಗಿ ಅವರೊಡನೆ ಬಾಳುತ್ತಿರುವವರಿಗೆ ಮೂರು ವರ್ಷ ಸಾಕು. ಸನ್ನಡತೆ, ಇಂಗ್ಲಿಷ್, ಅಲ್ಲಿನ ಇತಿಹಾಸ ಮತ್ತು ಆಡಳಿತದ ಪರೀಕ್ಷೆ, ಕೊನೆಗೆ ಪ್ರಮಾಣವಚನ.

ಈ ಉತ್ತರಗಳನ್ನು ಹೇಳುವಾಗಲೆಲ್ಲ ನನಗೆ ಭಗತ್ ಸಿಂಗ್ ಥಿಂಡ್ ನೆನಪಾಗುತ್ತಾರೆ. ಹೆಸರು ಕೇಳಿದ ಕೂಡಲೇ ಲಾಹೋರಿನ ಗಲ್ಲುಗಂಬ ಕಣ್ಣಮುಂದೆ ಬರುವುದು ಸಹಜ. ಇವರು ಆ ಭಗತ್ ಸಿಂಗ್ ಅಲ್ಲ. ಅವರಿಗಿಂತ ಹದಿನೈದು ವರ್ಷ ಹಿರಿಯರಾದ ಇನ್ನೊಬ್ಬ ಪಂಜಾಬಿ. ಅಮೆರಿಕದ ಕಾನೂನು ವಿದ್ಯಾರ್ಥಿಗಳಿಗೆ ಇವರ ಹೆಸರು ಚಿರಪರಿಚಿತ. ಅಲ್ಲಿ ನೆಲೆಸಿರುವ ನಮ್ಮವರಲ್ಲಿ ಎಷ್ಟು ಮಂದಿ ಇವರನ್ನು ಬಲ್ಲರೋ ಕಾಣೆ. ಐದು ವರ್ಷದ ವಾಸ್ತವ್ಯ, ಸನ್ನಡತೆ, ಇಂಗ್ಲಿಷ್ ಎಲ್ಲದರಲ್ಲಿಯೂ ಥಿಂಡ್ ತೇರ್ಗಡೆಯಾಗಿದ್ದರು. ಅವರು ಸೋತದ್ದು ಯಾವ ಅರ್ಜಿದಾರನೂ ಸಿದ್ಧತೆ ಮಾಡಿಕೊಳ್ಳಲಾಗದ ಒಂದು ಪ್ರಶ್ನೆಯಲ್ಲಿ.

ಥಿಂಡ್ ಹುಟ್ಟಿದ್ದು 1892ರ ಅಕ್ಟೋಬರ್ 3ರಂದು, ಅಮೃತಸರ ಜಿಲ್ಲೆಯ ತಾರಾಗಢ ತಲಾವಾ ಎಂಬ ಹಳ್ಳಿಯಲ್ಲಿ. ಅಮೃತಸರದ ಖಾಲ್ಸಾ ಕಾಲೇಜಿನಲ್ಲಿ ಓದಿ, ಮನಿಲಾ ಮಾರ್ಗವಾಗಿ ಹಡಗಿನಲ್ಲಿ ಹೊರಟು, 1913ರ ಜುಲೈ 4ರಂದು ಸಿಯಾಟಲ್ ಬಂದರಿನಲ್ಲಿ ಇಳಿದರು. ಅಮೆರಿಕದ ಸ್ವಾತಂತ್ರ್ಯ ದಿನವೇ ಕಾಲಿಟ್ಟದ್ದು ಕಾಕತಾಳೀಯ. ಅದೇ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್ ಪಟ್ಟಣದಲ್ಲಿ ಆರು ವರ್ಷಗಳ ಹಿಂದೆ, 1907ರ ಸೆಪ್ಟೆಂಬರಿನಲ್ಲಿ, ಬಿಳಿಯ ಕಾರ್ಮಿಕರ ಗುಂಪು ಸಾಮಿಲ್‌ಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಹೊಡೆದು ಊರು ಬಿಡಿಸಿತ್ತು. ಅದನ್ನು ಬಲ್ಲವರೂ ಬರುತ್ತಲೇ ಇದ್ದರು. ಥಿಂಡ್ ಬಂದದ್ದು ಓದುವುದಕ್ಕೆ. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ನಡೆಸುತ್ತ, ಖರ್ಚಿಗಾಗಿ ಒರೆಗಾನ್ ರಾಜ್ಯದ ಅಸ್ಟೋರಿಯಾದ ಸಾಮಿಲ್‌ನಲ್ಲಿ ಕೂಲಿ ಮಾಡಿದರು. ಆ ಸಾಮಿಲ್‌ಗಳ ಪಂಜಾಬಿ ಕಾರ್ಮಿಕರ ನಡುವೆಯೇ 1913ರಲ್ಲಿ ಗದರ್ ಚಳವಳಿ ರೂಪ ತಳೆದದ್ದು. ಥಿಂಡ್ ಅವರಿಗೆ ಆ ಮುಂದಾಳುಗಳ ಒಡನಾಟವಿತ್ತು. ಭಾರತ ಸ್ವತಂತ್ರವಾಗಬೇಕೆಂಬ ತಮ್ಮ ಅಭಿಪ್ರಾಯವನ್ನು ಅವರೆಂದೂ ಮುಚ್ಚಿಡಲಿಲ್ಲ. ಮುಂದೆ ಇದೂ ಅವರ ಕಡತದಲ್ಲಿ ಸೇರಿತು.

ಮೊದಲ ಮಹಾಯುದ್ಧದಲ್ಲಿ ಅಮೆರಿಕ ಧುಮುಕಿದ ಮೇಲೆ, 1918ರ ಜುಲೈ 22ರಂದು ಅವರು ಸೇನೆಗೆ ಸೇರಿದರು. ಕ್ಯಾಂಪ್ ಲೂಯಿಸ್‌ನಲ್ಲಿ ತರಬೇತಿ. ಸಮವಸ್ತ್ರದೊಂದಿಗೆ ಪೇಟ ಧರಿಸಿ ನಿಂತ ಅವರ ಛಾಯಾಚಿತ್ರ ಇಂದಿಗೂ ಉಳಿದಿದೆ. ನವೆಂಬರಿನಲ್ಲಿ ಹಂಗಾಮಿ ಸಾರ್ಜೆಂಟ್ ಆಗಿ ಬಡ್ತಿ ಪಡೆದರು. ಯುದ್ಧ ಮುಗಿದು ಡಿಸೆಂಬರ್ 16ರಂದು ಗೌರವಪೂರ್ವಕವಾಗಿ ಬಿಡುಗಡೆಯಾದರು. ಅವರ ನಡತೆಯನ್ನು ಸೇನೆ ಅತ್ಯುತ್ತಮವೆಂದು ದಾಖಲಿಸಿತು. ಇನ್ನೂ ಸೈನಿಕರಾಗಿದ್ದಾಗಲೇ, ಡಿಸೆಂಬರ್ 9ರಂದು, ವಾಷಿಂಗ್ಟನ್ ರಾಜ್ಯದಲ್ಲಿ ಅವರಿಗೆ ಪೌರತ್ವದ ಪ್ರಮಾಣಪತ್ರ ದೊರೆಯಿತು. ಸಮವಸ್ತ್ರದಲ್ಲಿಯೇ ಹೋಗಿ ಅದನ್ನು ಸ್ವೀಕರಿಸಿದರು. ನಾಲ್ಕು ದಿನ ಕಳೆಯುವುದರೊಳಗೆ ಪೌರತ್ವ ಇಲಾಖೆ ಅದನ್ನು ರದ್ದುಪಡಿಸಿತು. ಕಾರಣ: ಅವರು ಬಿಳಿಯರಲ್ಲ.

ಇಲ್ಲಿ ಕಾನೂನನ್ನು ಸ್ವಲ್ಪ ವಿವರಿಸಬೇಕು. 1790ರಲ್ಲಿ ಅಮೆರಿಕದ ಮೊದಲ ಸಂಸತ್ತು ರಚಿಸಿದ ಪೌರತ್ವ ಕಾಯಿದೆ, ಸ್ವತಂತ್ರರಾದ ಬಿಳಿಯರು ಮಾತ್ರ ಹೊರಗಿನಿಂದ ಬಂದು ಪೌರರಾಗಬಹುದೆಂದು ಹೇಳಿತು. ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ, ಆಫ್ರಿಕ ಮೂಲದವರನ್ನೂ ಸೇರಿಸಲಾಯಿತು. ಏಷ್ಯದವರ ಮಾತೇ ಇಲ್ಲ. ವಾಸ್ತವ್ಯದ ಅವಧಿ 1802ರಿಂದಲೂ ಐದು ವರ್ಷವೇ; ನಮ್ಮ ಕಲ್ಲುಬೆಂಚಿನ ಹಿರಿಯರು ಎಣಿಸುತ್ತಿರುವುದು ಅದೇ ಹಳೆಯ ಐದು ವರ್ಷ. ಆದರೆ ಬಿಳಿಯನೆಂದರೆ ಯಾರು ಎಂಬುದನ್ನು ಕಾಯಿದೆ ಹೇಳಿರಲಿಲ್ಲ. ಹೀಗಾಗಿ ಒಂದೊಂದು ನ್ಯಾಯಾಲಯ ಒಂದೊಂದು ಬಗೆಯಲ್ಲಿ ಅರ್ಥ ಮಾಡಿತು. ಭಾರತೀಯರಲ್ಲಿ ಕೆಲವರಿಗೆ ಪೌರತ್ವ ದೊರೆತೂ ಇತ್ತು: ಅಕ್ಷಯ ಕುಮಾರ್ ಮಜುಂದಾರ್ ಅವರಿಗೆ 1913ರಲ್ಲಿ, ತಾರಕನಾಥ ದಾಸ್ ಮತ್ತು ವಕೀಲ ಸಖಾರಾಮ ಗಣೇಶ ಪಂಡಿತ್ ಅವರಿಗೆ 1914ರಲ್ಲಿ.

ಥಿಂಡ್ ಬಿಡಲಿಲ್ಲ. 1919ರ ಮೇ ತಿಂಗಳಿನಲ್ಲಿ ನೆರೆಯ ಒರೆಗಾನ್ ರಾಜ್ಯದಲ್ಲಿ ಹೊಸದಾಗಿ ಅರ್ಜಿ ಸಲ್ಲಿಸಿದರು. ಸರ್ಕಾರದ ಪರೀಕ್ಷಕ ಗದರ್ ಸಂಬಂಧವನ್ನು ಮುಂದೊಡ್ಡಿ ವಿರೋಧಿಸಿದ. ನ್ಯಾಯಾಧೀಶ ವೊಲ್ವರ್ಟನ್ ಎರಡೂ ಕಡೆಯ ವಾದ ಕೇಳಿ, ತನ್ನ ನಾಡಿನ ಸ್ವಾತಂತ್ರ್ಯ ಬಯಸುವುದು ಅಪರಾಧವಲ್ಲವೆಂಬಂತೆ ಆ ಆಕ್ಷೇಪವನ್ನು ಬದಿಗಿಟ್ಟು, ಸೈನಿಕನಾಗಿ ಥಿಂಡ್ ಸಲ್ಲಿಸಿದ ಸೇವೆಯನ್ನು ಮನ್ನಿಸಿದರು. 1920ರ ನವೆಂಬರ್ 18ರಂದು ಥಿಂಡ್ ಎರಡನೆಯ ಸಲ ಅಮೆರಿಕದ ಪೌರರಾದರು. ಸರ್ಕಾರ ಮೇಲ್ಮನವಿ ಹೋಯಿತು. ಮೇಲಿನ ನ್ಯಾಯಾಲಯ ತಾನು ನಿರ್ಧರಿಸದೆ, ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಕಳುಹಿಸಿತು. ಅಮೃತಸರದಲ್ಲಿ ಹುಟ್ಟಿದ, ಮೇಲುಜಾತಿಯ ಹಿಂದುವೊಬ್ಬನು ಕಾಯಿದೆಯ ಅರ್ಥದಲ್ಲಿ ಬಿಳಿಯನೇ ಎಂಬುದು ಆ ಪ್ರಶ್ನೆ. ಥಿಂಡ್ ಸಿಖ್ಖರು. ಆ ಕಾಲದ ಅಮೆರಿಕದಲ್ಲಿ ಭಾರತದಿಂದ ಬಂದವರೆಲ್ಲರೂ ಹಿಂದುಗಳೇ.

ಸರ್ವೋಚ್ಚ ನ್ಯಾಯಾಲಯದಲ್ಲಿ ಥಿಂಡ್ ಪರ ವಾದಿಸಿದವರು ಮೇಲೆ ಹೇಳಿದ ಪಂಡಿತ್. ಅವರ ಎದುರಿಗೆ ಒಂದು ಆಶಾಕಿರಣವಿತ್ತು. 1922ರ ನವೆಂಬರಿನಲ್ಲಿ ಅದೇ ನ್ಯಾಯಾಲಯ ತಕಾವೊ ಒಝಾವಾ ಎಂಬ ಜಪಾನಿಯ ಅರ್ಜಿಯನ್ನು ತಳ್ಳಿಹಾಕಿತ್ತು. ಬಿಳಿಯನೆಂದರೆ ಮೈಬಣ್ಣದ ಮಾತಲ್ಲ, ಕಕೇಶಿಯನ್ ಜನಾಂಗಕ್ಕೆ ಸೇರಿದವನೆಂದು ಅರ್ಥ, ಜಪಾನಿಯರು ಆ ಜನಾಂಗದವರಲ್ಲ ಎಂದು ತೀರ್ಪು ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್. ಉತ್ತರ ಭಾರತದವರನ್ನು ಕಕೇಶಿಯನ್ ಪಂಗಡಕ್ಕೆ ಸೇರಿಸಿದ್ದವರು ಅಂದಿನ ಪಾಶ್ಚಾತ್ಯ ಮಾನವಶಾಸ್ತ್ರಜ್ಞರೇ. ಹಾಗಾದರೆ ಥಿಂಡ್ ಗೆಲ್ಲಲೇಬೇಕಲ್ಲ? ಮೂರು ತಿಂಗಳ ಬಳಿಕ, 1923ರ ಫೆಬ್ರುವರಿ 19ರಂದು, ಅದೇ ಸದರ್‌ಲ್ಯಾಂಡ್ ಎಲ್ಲ ನ್ಯಾಯಮೂರ್ತಿಗಳ ಪರವಾಗಿ ಇನ್ನೊಂದು ತೀರ್ಪು ಬರೆದರು. ವಿಜ್ಞಾನ ಏನು ಹೇಳುತ್ತದೆಂಬುದು ಮುಖ್ಯವಲ್ಲ. ಸಾಮಾನ್ಯ ಮನುಷ್ಯನು ಯಾರನ್ನು ಬಿಳಿಯನೆಂದು ತಿಳಿಯುತ್ತಾನೋ ಅವನೇ ಬಿಳಿಯ. ಆ ತಿಳಿವಳಿಕೆಯಲ್ಲಿ ಭಾರತೀಯನಿಗೆ ಜಾಗವಿಲ್ಲ. ಜಪಾನಿಗೆ ಶಾಸ್ತ್ರ ತೋರಿಸಿದ ನ್ಯಾಯಾಲಯ ಪಂಜಾಬಿಗೆ ರೂಢಿ ತೋರಿಸಿತು. ಇದನ್ನು ಬರೆದ ಸದರ್‌ಲ್ಯಾಂಡ್ ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ತಂದೆತಾಯಿಗಳೊಡನೆ ವಲಸೆ ಬಂದವರು.

ಥಿಂಡ್ ಅವರಿಗೆ ಅನ್ಯಾಯವಾಯಿತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರ ಪರವಾಗಿ ಮಂಡಿಸಿದ ವಾದವನ್ನು ಓದುವಾಗ ಪ್ರತಿ ಸಲವೂ ಮುಜುಗರವಾಗುತ್ತದೆ. ಬಣ್ಣವನ್ನು ನೋಡಿ ಪೌರತ್ವ ಕೊಡುವುದು ತಪ್ಪು ಎಂದು ಆ ವಾದ ಹೇಳಲಿಲ್ಲ. ನಾವು ಶುದ್ಧ ಆರ್ಯರು. ಜಾತಿ ಕಟ್ಟುಪಾಡು ನಮ್ಮ ರಕ್ತವನ್ನು ಬೆರಕೆಯಾಗದಂತೆ ಕಾಪಾಡಿದೆ. ಮೇಲುಜಾತಿಯ ನಾವು ನಮ್ಮ ನಾಡಿನ ಮೂಲನಿವಾಸಿಗಳನ್ನು ಬಿಳಿಯರು ಕರಿಯರನ್ನು ಕಾಣುವಂತೆಯೇ ಕಾಣುತ್ತೇವೆ. ಹೀಗೆ ಸಾಗುತ್ತದೆ ಅದು. ಅಂದಿನ ಕಾಯಿದೆಯ ಚೌಕಟ್ಟಿನಲ್ಲಿ ವಕೀಲನಿಗೆ ಬೇರೆ ದಾರಿಯಿರಲಿಲ್ಲವೆಂದು ಸಮರ್ಥಿಸಬಹುದು. ಬಿಳಿಯನೆಂದು ಸಾಧಿಸಿದರಷ್ಟೇ ಬಾಗಿಲು ತೆರೆಯುತ್ತಿತ್ತು. ಒಝಾವಾ ಕೂಡ ತಮ್ಮ ಜನರ ಮೈಬಣ್ಣವನ್ನೇ ಆಧಾರವಾಗಿ ಮುಂದಿಟ್ಟಿದ್ದರು. ಆದರೂ ಗೋಡೆಯನ್ನು ಪ್ರಶ್ನಿಸದೆ, ತಾನು ಗೋಡೆಯ ಒಳಗಿನವನೆಂದು ವಾದಿಸುವುದಕ್ಕಾಗಿ ಊರಿನ ಇನ್ನೊಂದು ಗೋಡೆಯನ್ನು ಸಾಕ್ಷಿಗೆ ಕರೆದದ್ದು ನಮ್ಮವರ ಚರಿತ್ರೆಯಲ್ಲಿ ಉಳಿದುಬಿಟ್ಟಿತು. ಆ ತೀರ್ಪಿಗೆ ನೂರು ವರ್ಷ ತುಂಬಿ ಎರಡೇ ದಿನಕ್ಕೆ, 2023ರ ಫೆಬ್ರುವರಿ 21ರಂದು, ಥಿಂಡ್ ಹಡಗಿನಿಂದಿಳಿದ ಅದೇ ಸಿಯಾಟಲ್ ನಗರದ ಆಡಳಿತ ಮಂಡಳಿ ಜಾತಿಯ ಆಧಾರದ ಮೇಲೆ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಅಮೆರಿಕದ ನಗರವೊಂದು ಅಂಥ ಕಾನೂನು ಮಾಡಿದ್ದು ಅದೇ ಮೊದಲು. ಅದನ್ನು ವಿರೋಧಿಸಿದವರೂ ಭಾರತೀಯರೇ, ಬೇಕೆಂದು ಹೋರಾಡಿದವರೂ ಭಾರತೀಯರೇ.

1923ರ ತೀರ್ಪು ಒಬ್ಬರ ಪ್ರಮಾಣಪತ್ರಕ್ಕೆ ಸೀಮಿತವಾಗಲಿಲ್ಲ. ಅದಾಗಲೇ ಪೌರರಾಗಿದ್ದ ಹತ್ತಾರು ಭಾರತೀಯರಿಂದ ಪೌರತ್ವವನ್ನು ಹಿಂತೆಗೆದುಕೊಳ್ಳಲು ಸರ್ಕಾರ ಮೊಕದ್ದಮೆ ಹೂಡಿತು. ಮಜುಂದಾರ್ ಕಳೆದುಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಪೌರತ್ವಕ್ಕೆ ಅನರ್ಹರಾದವರು ಜಮೀನು ಹೊಂದುವಂತಿಲ್ಲವೆಂಬ ಕಾನೂನು 1913ರಿಂದಲೇ ಇತ್ತು; 1920ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಗಿತ್ತು. ಈಗ ಅದು ಭಾರತೀಯರ ಕೊರಳಿಗೂ ಬಿತ್ತು. ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ಪಂಜಾಬಿ ರೈತರು ಗುತ್ತಿಗೆ ಪತ್ರಗಳನ್ನು ನಂಬಿಕಸ್ಥ ಬಿಳಿಯರ ಹೆಸರಿಗೋ, ಅಮೆರಿಕದಲ್ಲೇ ಹುಟ್ಟಿದ ಕಾರಣ ಪೌರರಾಗಿದ್ದ ತಮ್ಮ ಎಳೆಯ ಮಕ್ಕಳ ಹೆಸರಿಗೋ ಬರೆಯಿಸಿಕೊಂಡು ದಿನ ದೂಡಿದರು. 1922ರ ಇನ್ನೊಂದು ಕಾಯಿದೆಯ ಪ್ರಕಾರ, ಪೌರತ್ವಕ್ಕೆ ಅನರ್ಹನಾದವನನ್ನು ಮದುವೆಯಾದ ಅಮೆರಿಕದ ಹೆಣ್ಣುಮಗಳು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ತಾರಕನಾಥ ದಾಸ್ ಅವರ ಪತ್ನಿ ಮೇರಿಗೆ ಆದದ್ದು ಇದೇ.

ವೈಷ್ಣೋ ದಾಸ್ ಬಗಾಯಿ ಅವರ ಕಥೆಯನ್ನು ಬಿಟ್ಟು ಮುಂದೆ ಹೋಗಲಾರೆ. ಪೇಶಾವರದ ಸ್ಥಿತಿವಂತ ಮನೆತನದವರು. ಬ್ರಿಟಿಷರ ಆಳ್ವಿಕೆಯಲ್ಲಿ ಬದುಕಲೊಲ್ಲದೆ 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು. ಅಂಗಡಿ ಇಟ್ಟರು, 1921ರಲ್ಲಿ ಪೌರರಾದರು. ಥಿಂಡ್ ತೀರ್ಪಿನ ನಂತರ ಪೌರತ್ವ ಹೋಯಿತು, ಆಸ್ತಿ ಮಾರಬೇಕಾಯಿತು. ಭಾರತಕ್ಕೊಮ್ಮೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ, ಬ್ರಿಟಿಷ್ ಪ್ರಜೆಯಾಗಿ ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಳ್ಳಿ ಎಂಬ ಸಲಹೆ ದೊರೆಯಿತು. ಯಾವುದನ್ನು ಬಿಟ್ಟು ಬಂದಿದ್ದರೋ ಅದನ್ನೇ! 1928ರ ಮಾರ್ಚ್‌ನಲ್ಲಿ ಬಗಾಯಿ ಆತ್ಮಹತ್ಯೆ ಮಾಡಿಕೊಂಡರು. ಕಲಾ ಮಕ್ಕಳನ್ನು ಓದಿಸಿ ಬೆಳೆಸಿದರು. ಹಿಂದೊಮ್ಮೆ ಬರ್ಕ್ಲಿಯಲ್ಲಿ ಅವರು ಮನೆ ಕೊಂಡು ಸಾಮಾನಿನೊಂದಿಗೆ ಬಂದಾಗ, ನೆರೆಯವರು ಬೀಗ ಹಾಕಿ ಒಳಗೆ ಬಿಟ್ಟಿರಲಿಲ್ಲ. ಆ ನಗರದ ಒಂದು ಬೀದಿಗೆ 2021ರಲ್ಲಿ ಕಲಾ ಬಗಾಯಿ ಅವರ ಹೆಸರಿಡಲಾಯಿತು.

ವಕೀಲ ಪಂಡಿತ್ ಮಾತ್ರ ತಮ್ಮ ಪೌರತ್ವವನ್ನು ಉಳಿಸಿಕೊಂಡರು. 1914ರಲ್ಲಿ ನ್ಯಾಯಾಲಯವೇ ವಿಚಾರಣೆ ನಡೆಸಿ ಕೊಟ್ಟದ್ದನ್ನು ಇಷ್ಟು ವರ್ಷಗಳ ಮೇಲೆ ಮತ್ತೆ ಕೆದಕುವಂತಿಲ್ಲವೆಂದು ಅವರು ವಾದಿಸಿದರು. 1926ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯ ಸರ್ಕಾರದ ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಅಲ್ಲಿಗೆ ಇತರರ ಮೇಲಿನ ಮೊಕದ್ದಮೆಗಳೂ ನಿಂತವು. ಆರ್ಯ ರಕ್ತದ ದೊಡ್ಡ ವಾದದಿಂದ ಆಗದ ಕೆಲಸ ಇಂಥದೊಂದು ಒಣ ತಾಂತ್ರಿಕ ಅಂಶದಿಂದ ಆಯಿತು. ಬಗಾಯಿ ಅವರ ಪಾಲಿಗೆ ಅದೂ ತಡವಾಗಿತ್ತು.

ಇನ್ನು ಥಿಂಡ್. ಅವರನ್ನು ಗಡೀಪಾರು ಮಾಡಲಿಲ್ಲ. ಅವರೂ ಮರಳಿ ಬರಲಿಲ್ಲ. ಯಾವ ದೇಶಕ್ಕಾಗಿ ಸಮವಸ್ತ್ರ ತೊಟ್ಟಿದ್ದರೋ ಆ ದೇಶದಲ್ಲಿ ಪರಕೀಯರಾಗಿಯೇ ಹದಿಮೂರು ವರ್ಷ ಕಳೆದರು. ಊರಿಂದೂರಿಗೆ ಹೋಗಿ ಅಧ್ಯಾತ್ಮದ ಮೇಲೆ ಉಪನ್ಯಾಸ ಕೊಡುವುದನ್ನು ವೃತ್ತಿಯಾಗಿಸಿಕೊಂಡರು. ಸಿಖ್ ಗುರುಗಳು, ಕಬೀರ, ವೇದಗಳ ಜೊತೆಗೆ ಎಮರ್ಸನ್, ವಿಟ್‌ಮನ್, ಥೋರೊ ಕೂಡ ಅವರ ಮಾತಿನಲ್ಲಿ ಬರುತ್ತಿದ್ದರು. ಹಲವು ಪುಸ್ತಕಗಳನ್ನೂ ಬರೆದರು. ಕೇಳುವವರಲ್ಲಿ ಹೆಚ್ಚಿನವರು ಬಿಳಿಯರು. ಯಾರ ತಿಳಿವಳಿಕೆಯನ್ನು ಅಳತೆಗೋಲಾಗಿಟ್ಟುಕೊಂಡು ನ್ಯಾಯಾಲಯ ಅವರನ್ನು ಹೊರಗಿಟ್ಟಿತ್ತೋ, ಅದೇ ಸಾಮಾನ್ಯ ಅಮೆರಿಕನ್ನರು ಸಭಾಂಗಣಗಳಲ್ಲಿ ಅವರೆದುರು ಕುಳಿತು ಆಲಿಸಿದರು. ನನಗೆ ಥಿಂಡ್ ಇಷ್ಟವಾಗುವುದು ನ್ಯಾಯಾಲಯಕ್ಕಿಂತ ಇಲ್ಲಿ.

1935ರಲ್ಲಿ ಅಮೆರಿಕದ ಸಂಸತ್ತು, ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಏಷ್ಯದವರು ಪೌರರಾಗಬಹುದೆಂಬ ಕಾಯಿದೆ ಮಾಡಿತು. ಥಿಂಡ್ ಮೂರನೆಯ ಸಲ ಅರ್ಜಿ ಹಾಕಿದರು. 1936ರಲ್ಲಿ ನ್ಯೂಯಾರ್ಕಿನಲ್ಲಿ ಪೌರತ್ವ ದೊರೆಯಿತು. ಆಗ ಅವರಿಗೆ ನಲವತ್ನಾಲ್ಕರ ಆಸುಪಾಸು. ಮೊದಲ ಪ್ರಮಾಣಪತ್ರ ಪಡೆದಾಗ ಇಪ್ಪತ್ತಾರು. ಉಳಿದ ಭಾರತೀಯರು ಇನ್ನೂ ಹತ್ತು ವರ್ಷ ಕಾಯಬೇಕಾಯಿತು. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಮಾಡಿದ ಲೂಸ್-ಸೆಲ್ಲರ್ ಕಾಯಿದೆ ಭಾರತೀಯರಿಗೆ ಪೌರತ್ವದ ಅರ್ಹತೆಯನ್ನೂ, ವರ್ಷಕ್ಕೆ ಕೇವಲ ನೂರು ಮಂದಿಗೆ ವಲಸೆಯ ಅವಕಾಶವನ್ನೂ ಕೊಟ್ಟಿತು. ಆ ಕಾಯಿದೆಯಡಿ 1949ರಲ್ಲಿ ಪೌರರಾದ ದಲೀಪ್ ಸಿಂಗ್ ಸೌಂಡ್ 1956ರಲ್ಲಿ ಅಮೆರಿಕದ ಸಂಸತ್ತಿಗೇ ಆಯ್ಕೆಯಾದರು. ಪೌರತ್ವಕ್ಕೆ ಜನಾಂಗದ ನಿಬಂಧನೆ ಸಂಪೂರ್ಣ ತೊಲಗಿದ್ದು 1952ರಲ್ಲಿ. ನಮ್ಮ ಎಂಜಿನಿಯರುಗಳ, ವೈದ್ಯರ ದಾರಿ ತೆರೆದದ್ದು 1965ರ ವಲಸೆ ಕಾಯಿದೆಯಿಂದ. 1940ರಲ್ಲಿ ವಿವಿಯನ್ ಡೇವಿಸ್ ಅವರನ್ನು ವಿವಾಹವಾಗಿ ಸಂಸಾರಸ್ಥರಾಗಿದ್ದ ಥಿಂಡ್ ಇದೆಲ್ಲವನ್ನೂ ಕಂಡು, 1967ರ ಸೆಪ್ಟೆಂಬರ್ 15ರಂದು ತೀರಿಕೊಂಡರು. ಅದೇ ವರ್ಷದ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಪೌರನು ತಾನಾಗಿ ಬಿಡದ ಹೊರತು ಅವನ ಪೌರತ್ವವನ್ನು ಸಂಸತ್ತು ಕಸಿಯಲಾಗದೆಂದು ಅಫ್ರೋಯಿಮ್ ಪ್ರಕರಣದಲ್ಲಿ ಹೇಳಿತ್ತು. ಮೋಸದಿಂದಲೋ ಕಾನೂನುಬಾಹಿರವಾಗಿಯೋ ಪಡೆದ ಪೌರತ್ವವನ್ನು ನ್ಯಾಯಾಲಯದ ಮೂಲಕ ರದ್ದುಪಡಿಸುವ ದಾರಿ ಆಮೇಲೂ ಉಳಿಯಿತು. ಅಂಥ ಮೊಕದ್ದಮೆಗಳಿಗೆ ಆದ್ಯತೆ ಕೊಡಬೇಕೆಂದು 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಂಗ ಇಲಾಖೆ ತನ್ನ ವಕೀಲರಿಗೆ ಸೂಚಿಸಿದಾಗ, ನಮ್ಮ ಕಲ್ಲುಬೆಂಚಿನಲ್ಲಿ ಎರಡು ದಿನ ಬೇರೆ ಮಾತೇ ಇರಲಿಲ್ಲ.

ಪೌರತ್ವಕ್ಕೆ ಅರ್ಜಿ ಹಾಕುವ ಮುನ್ನ ಇತ್ತ ಕಡೆಯ ಲೆಕ್ಕವನ್ನೂ ನೋಡಬೇಕೆಂದು ನಾನು ಅವರಿಗೆ ಹೇಳುತ್ತಿರುತ್ತೇನೆ. ನಮ್ಮ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಅಲ್ಲಿ ಪ್ರಮಾಣವಚನ ಸ್ವೀಕರಿಸಿದ ಕ್ಷಣವೇ ಇಲ್ಲಿನ ಪೌರತ್ವ ಮುಗಿಯುತ್ತದೆ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕು. 2005ರ ತಿದ್ದುಪಡಿಯಿಂದ ಬಂದ ಸಾಗರೋತ್ತರ ಭಾರತೀಯ ಕಾರ್ಡು ಹೆಸರಿಗೆ ಪೌರತ್ವದಂತೆ ಕಂಡರೂ, ಅದು ಬಂದುಹೋಗುವ ಆಜೀವ ಅನುಮತಿ. ಅದರಿಂದ ಮತದಾನವಿಲ್ಲ. ಕೃಷಿಭೂಮಿ ಕೊಳ್ಳುವಂತೆಯೂ ಇಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಇಂಪೀರಿಯಲ್ ಕಣಿವೆಯ ಪಂಜಾಬಿಗಳನ್ನು ಕಾಡಿದ ಕಾನೂನು ಹುಟ್ಟಿದ್ದು ದ್ವೇಷದಿಂದ, ಇದರ ಉದ್ದೇಶ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಹಾಸನದ ಕಡೆ ಎರಡು ಎಕರೆ ತೋಟ ಕೊಳ್ಳುವ ಕನಸಿಟ್ಟುಕೊಂಡಿರುವ ನಮ್ಮ ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೆ ಆ ವ್ಯತ್ಯಾಸದಿಂದ ಸಮಾಧಾನವೇನೂ ಆಗಲಿಲ್ಲ.

ಅವರು ಪೌರತ್ವದ ವಿಚಾರವನ್ನು ಸದ್ಯಕ್ಕೆ ಮುಂದೂಡಿದ್ದಾರೆ. ಅವರ ಜೇಬಿನ ಪುಟ್ಟ ಪುಸ್ತಕದಲ್ಲಿ ಬಂದ ತಾರೀಖು, ಹೋಗುವ ತಾರೀಖು, ನಡುವಿನ ದಿನಗಳ ಸಂಖ್ಯೆ ಎಲ್ಲವೂ ಇದೆ. ಮುಂದಿನ ಬುಧವಾರಕ್ಕೆ ನೂರ ಎಪ್ಪತ್ತೊಂದನೆಯ ದಿನ. ಅಂದೇ ವಿಮಾನ.